ದಂಡುವಿನಲ್ಲಿ ಇಳಿಯುವವರು

ನಮ್ಮ ಚಿಕ್ಕಮ್ಮನ ಬಾಯಲ್ಲಿ ಕಂಟೋನ್ಮೆಂಟ್ ಅನ್ನೋ ಪದ ಯಾವತ್ತೂ ಬಂದಿಲ್ಲ. ಅವಳಿಗೆ ಅದು ‘ದಂಡು’. 1864ರಲ್ಲಿ ಜೋಲಾರಪೇಟೆ ಕಡೆಯಿಂದ ಬಂದ ರೈಲು ಬೆಂಗಳೂರಲ್ಲಿ ಮೊದಲು ಮುಟ್ಟಿದ್ದು ಬ್ರಿಟಿಷರ ಸೈನ್ಯ ಇದ್ದ ಈ ಜಾಗವನ್ನೇ. ಅದೇ ಹಳಿಯ ಮೇಲೆ, ಬಂಗಾರಪೇಟೆಗೂ ಮಾಲೂರಿಗೂ ಮಧ್ಯೆ ನಮ್ಮ ಟೇಕಲ್ ಇದೆ.

ಬಿಇ ಓದುವಾಗ ನಾಲ್ಕು ವರ್ಷ ಪಾಸ್ ಮಾಡಿಸಿಕೊಂಡು ಓಡಾಡಿದವನು ನಾನು. ಬೆಳಗಿನ ಗಾಡಿ ಟೇಕಲ್‌ಗೆ ಬರುವಷ್ಟರಲ್ಲೇ ಸೀಟು ಭರ್ತಿ. ಮಾಲೂರು ದಾಟಿದ ಮೇಲೆ ನಿಲ್ಲೋದಕ್ಕೂ ಜಾಗ ಇರುತ್ತಿರಲಿಲ್ಲ. ಫ್ಯಾಕ್ಟರಿಯವರು, ಗಾರೆ ಕೆಲಸದವರು, ಕಾಲೇಜು ಹುಡುಗರು, ಬಾಗಿಲ ಹತ್ತಿರ ಹೂವು-ಸೊಪ್ಪಿನವರು. ಅವರ ನಡುವೆ ದಂಟು, ಮೆಂತ್ಯ, ಸಬ್ಬಸಿಗೆಯ ದೊಡ್ಡ ಮೂಟೆ ಇಟ್ಟುಕೊಂಡು ನಮ್ಮ ಚಿಕ್ಕಮ್ಮ. ದಂಡುವಿನಲ್ಲಿ ಇಳಿದು ಶಿವಾಜಿನಗರದ ರಸೆಲ್ ಮಾರ್ಕೆಟ್ ಹತ್ತಿರ ಮಾರಿ ಬರೋಳು. ಮೂಟೆ ಕೆಳಗಿಳಿಸಿ, ಅವಳು ಸಿಂಬೆ ಸರಿ ಮಾಡಿಕೊಂಡ ಮೇಲೆ ತಲೆಗೆ ಎತ್ತಿಕೊಡೋದು ನನ್ನ ಕೆಲಸ. ಒಬ್ಬರೇ ಎತ್ತಿಕೊಳ್ಳೋ ಭಾರ ಅಲ್ಲ ಅದು.

ಎರಡನೇ ವರ್ಷದಲ್ಲಿ ಒಂದು ದಿನ ದಂಡುವಿನ ಪ್ಲಾಟ್‌ಫಾರಂನಲ್ಲಿ ನನ್ನ ಕ್ಲಾಸಿನ ಮೂವರು ನಿಂತಿದ್ದರು. ಕಾಲೇಜಿನಲ್ಲಿ ನಾನು ಹೊಲ, ಸೊಪ್ಪು, ಚಿಕ್ಕಮ್ಮ ಯಾವುದನ್ನೂ ಹೇಳಿಕೊಂಡಿರಲಿಲ್ಲ. ಮೂಟೆ ಇಳಿಸಿದವನೇ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಅವರ ಕಡೆ ನಡೆದುಬಿಟ್ಟೆ. ಹಿಂದಿನಿಂದ “ಒಂಚೂರು ಕೈ ಕೊಡಪ್ಪಾ” ಅಂದದ್ದು ಕೇಳಿಸಿತು. ತಿರುಗಿ ನೋಡಲಿಲ್ಲ. ಅವತ್ತು ಯಾರು ಎತ್ತಿಕೊಟ್ಟರೋ ಇವತ್ತಿಗೂ ಗೊತ್ತಿಲ್ಲ. ಸಂಜೆ ವಾಪಸ್ ಗಾಡಿಯಲ್ಲಿ ಎಂದಿನಂತೆ ಸೆರಗಿನಿಂದ ಕಡ್ಲೆಕಾಯಿ ಬಿಚ್ಚಿ ಕೊಟ್ಟಳು. ಅವಳು ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

2022ರ ಜೂನ್ 20ರಂದು ಪ್ರಧಾನಿ ನರೇಂದ್ರ ಮೋದಿ ದಂಡು ಮತ್ತು ಯಶವಂತಪುರ ನಿಲ್ದಾಣಗಳ ಮರು ಅಭಿವೃದ್ಧಿಗೆ ಶಂಕುಸ್ಥಾಪನೆ ಮಾಡಿದರು. ದಂಡುವಿಗೆ ಸುಮಾರು 500 ಕೋಟಿ ರೂಪಾಯಿ, ಯಶವಂತಪುರಕ್ಕೆ 375 ಕೋಟಿ. ಅದೇ ದಿನ 148 ಕಿಲೋಮೀಟರಿನ ಉಪನಗರ ರೈಲು ಯೋಜನೆಗೂ ಅಡಿಗಲ್ಲು ಬಿತ್ತು. ಅದರ ನಾಲ್ಕು ಮಾರ್ಗಗಳಿಗೆ ಹೂವಿನ ಹೆಸರು ಇಟ್ಟಿದ್ದಾರೆ: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಪಾರಿಜಾತ ಕೆಂಗೇರಿಯಿಂದ ಹೊರಟು ದಂಡು ದಾಟಿ ವೈಟ್‌ಫೀಲ್ಡ್‌ಗೆ ಮುಗಿಯುತ್ತೆ. ನಮ್ಮ ಮಾಲೂರು, ಟೇಕಲ್ ಅದರಾಚೆ.

ನಾನೀಗ ಕೆಲಸ ಮಾಡೋದು ವೈಟ್‌ಫೀಲ್ಡ್‌ನಲ್ಲೇ. ಯಾರೋ ಫೋನಿಗೆ ಕಳಿಸಿದ ಹೊಸ ನಿಲ್ದಾಣದ ಚಿತ್ರ ನೋಡಿ ಖುಷಿಯಾಗಿತ್ತು. ಗಾಜಿನ ಕಟ್ಟಡ, ಎತ್ತರದ ಚಾವಣಿ, ಅಗಲವಾದ ಹಾಲ್. ಊರಿಗೆ ಹೋದಾಗ ಚಿಕ್ಕಮ್ಮನಿಗೆ ತೋರಿಸಿ, “ನೋಡು, ನಿನ್ನ ದಂಡು ಏರ್‌ಪೋರ್ಟ್ ಥರ ಆಗ್ತದೆ” ಅಂದೆ.

ಕನ್ನಡಕ ಹಾಕ್ಕೊಂಡು ಬಹಳ ಹೊತ್ತು ನೋಡಿದಳು. “ಚೆನ್ನಾಗದೆ ಕಣಪ್ಪಾ. ಇದರಾಗೆ ನಾವು ಎಲ್ಲಿ ಇಳೀತೀವಿ, ತೋರ್ಸು.”

ಎರಡು ಬೆರಳಲ್ಲಿ ಚಿತ್ರ ದೊಡ್ಡದು ಮಾಡಿ ಹುಡುಕಿದೆ. ಅದರಲ್ಲಿ ಇದ್ದವರೆಲ್ಲ ಚಕ್ರದ ಸೂಟ್‌ಕೇಸ್ ಎಳೀತಾ ಇದ್ದರು. ಒಬ್ಬರ ತಲೆ ಮೇಲೂ ಏನೂ ಇರಲಿಲ್ಲ.

ಚಿತ್ರ ಬರೆದವರನ್ನು ಬೈಯೋದು ಸುಲಭ. ಆದರೆ ನಾವು ಆಫೀಸಲ್ಲಿ ಮಾಡೋದೂ ಇದೇ. ಒಂದು ಆ್ಯಪ್ ಮಾಡೋ ಮುಂಚೆ ಬಳಸುವವರು ಹೀಗಿರ್ತಾರೆ ಅಂತ ಒಬ್ಬ ಮನುಷ್ಯನನ್ನ ಕಲ್ಪಿಸಿಕೊಳ್ತೀವಿ. ಅವನಿಗೆ ನಮ್ಮದೇ ವಯಸ್ಸು, ನಮ್ಮದೇ ಫೋನು. ಅವನಿಗೆ ಬೇಡದ್ದು ಯಾರಿಗೂ ಬೇಡ ಅಂತ ತೆಗೆದು ಹಾಕ್ತೀವಿ. ಬಂದವರನ್ನ ಯಾರೂ ಹೊರಗೆ ಹಾಕಲ್ಲ ನಿಜ, ಆದರೆ ಅವರು ಬರ್ತಾರೆ ಅನ್ನೋದೇ ನಮ್ಮ ಲೆಕ್ಕದಲ್ಲಿ ಇರಲ್ಲ. ಅವತ್ತು ಪ್ಲಾಟ್‌ಫಾರಂ ಮೇಲೆ ನಾನು ಮಾಡಿದ್ದಾದರೂ ಇನ್ನೇನು?

ಗಾಜಿನ ಕಟ್ಟಡ ಬೇಡ ಅಂತ ನಾನು ಹೇಳ್ತಿಲ್ಲ. ಮಳೆಗೆ ನೆನೆಯದ ಚಾವಣಿ, ಶುದ್ಧವಾದ ಶೌಚಾಲಯ, ಲಿಫ್ಟು ಚಿಕ್ಕಮ್ಮನಿಗೂ ಬೇಕು. ಅವಳ ಮಂಡಿ ಈಗ ಮೆಟ್ಟಿಲು ಹತ್ತೋಕೆ ಒಪ್ಪಲ್ಲ. ಆದರೆ ಆ ಲಿಫ್ಟಿನಲ್ಲಿ ಮೂಟೆಗೂ ಜಾಗ ಇರಬೇಕು. ಕಟ್ಟಡ ಎಷ್ಟೇ ದೊಡ್ಡದಾದರೂ ಬೆಳಗಿನ ಗಾಡಿ ಹೆಚ್ಚಾಗದಿದ್ದರೆ ಬಾಗಿಲಲ್ಲಿ ನೇತಾಡುವವರು ನೇತಾಡುತ್ತಲೇ ಇರ್ತಾರೆ.

ಇನ್ನೊಂದು ಆಸೆ ಇದೆ. ನಮ್ಮ ಕಡೆ ಹಳೇ ದಾರಿಗಳ ಪಕ್ಕ ಎರಡು ಕಲ್ಲು ನಿಲ್ಲಿಸಿ, ಮೇಲೊಂದು ಚಪ್ಪಡಿ ಅಡ್ಡ ಹಾಕಿರೋದನ್ನ ನೀವು ನೋಡಿರಬಹುದು. ತಲೆಹೊರೆ ಹೊತ್ತವರು ಬಗ್ಗದೆ ಹೊರೆ ಇಳಿಸಿ, ದಣಿವಾರಿಸಿಕೊಂಡು, ಮತ್ತೆ ತಾವೇ ತಲೆಗೇರಿಸಿಕೊಂಡು ಹೋಗಲಿ ಅಂತ ಮಾಡಿದ್ದು. ದಾರಿ ಮಾಡಿದವರಿಗೆ ಅದರ ಮೇಲೆ ನಡೆಯೋರು ಯಾರು ಅಂತ ಗೊತ್ತಿತ್ತು. 500 ಕೋಟಿಯ ನಿಲ್ದಾಣದಲ್ಲಿ ಅಂಥದ್ದೊಂದು ಕಲ್ಲಿಗೆ ಜಾಗ ಸಿಗದೆ ಇರುತ್ತಾ?

ಇದನ್ನೇ ಚಿಕ್ಕಮ್ಮನಿಗೆ ಹೇಳಿದೆ. ಸೊಪ್ಪಿನ ಕಂತೆ ಕಟ್ಟುತ್ತಾ ಕೂತಿದ್ದವಳು ತಲೆ ಎತ್ತದೆ ಅಂದಳು:

“ಒಳ್ಳೇದಾಯ್ತು ಬಿಡು. ಕಲ್ಲಿದ್ರೆ ಯಾರನ್ನೂ ಕೂಗೋ ಹಂಗೇ ಇರಲ್ಲ.”