ಶಿಫಾರಸು ಪತ್ರವೋ, ಶಾಸನವೋ?

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆಯ ಮಸೀದಿಗಳಲ್ಲಿ ಶುಕ್ರವಾರದ ಜುಮಾ ನಮಾಝಿನ ಬಳಿಕ ಚಿಕಿತ್ಸಾ ನೆರವಿನ ಮನವಿ ಕೇಳಿಬರದ ವಾರಗಳು ವಿರಳ. ಯಾರದೋ ಹೃದಯದ ಶಸ್ತ್ರಚಿಕಿತ್ಸೆ, ಯಾರದೋ ಮಗುವಿನ ಕ್ಯಾನ್ಸರ್, ಯಾರದೋ ಮೂತ್ರಪಿಂಡದ ವೈಫಲ್ಯ. ಖತೀಬರು ನಾಲ್ಕು ಮಾತುಗಳಲ್ಲಿ ವಿಷಯ ತಿಳಿಸುತ್ತಾರೆ. ಬಾಗಿಲ ಬಳಿ ಇಬ್ಬರು ಯುವಕರು ಬಟ್ಟೆ ಹಿಡಿದು ನಿಲ್ಲುತ್ತಾರೆ. ಸಂಜೆಯಾಗುವಷ್ಟರಲ್ಲಿ ಆಸ್ಪತ್ರೆಯ ಬಿಲ್ಲಿನ ಚಿತ್ರವೂ ಬ್ಯಾಂಕ್ ಖಾತೆಯ ಸಂಖ್ಯೆಯೂ ಊರಿನ ವಾಟ್ಸಾಪ್ ಗುಂಪುಗಳನ್ನು ದಾಟಿ ದುಬೈ, ದಮ್ಮಾಮ್‌ಗಳನ್ನು ತಲುಪಿರುತ್ತವೆ. ಹಣ ಸೇರುತ್ತದೆ. ಅನೇಕ ಜೀವಗಳು ಹೀಗೆ ಉಳಿದಿವೆ. ನಮ್ಮ ಸಮುದಾಯದ ಬಗ್ಗೆ ಸಂತೋಷದಿಂದ ಹೇಳಿಕೊಳ್ಳಬಹುದಾದ ಸಂಗತಿಗಳಲ್ಲಿ ಇದೂ ಒಂದು.

ಆದರೆ ಹಣ ಸೇರದವರ ಬಗ್ಗೆ ನಾವು ಯೋಚಿಸಿದ್ದೇವೆಯೇ? ಮಗುವಿನ ಚಿತ್ರಕ್ಕೆ ಕರಗುವ ಮನಸ್ಸು ಅರುವತ್ತು ದಾಟಿದ ವಿಧವೆಯ ಸಕ್ಕರೆ ಕಾಯಿಲೆಗೆ ಕರಗುವುದಿಲ್ಲ. ತಿಂಗಳು ತಿಂಗಳೂ ಬೇಕಾಗುವ ರಕ್ತದೊತ್ತಡದ ಮಾತ್ರೆಗೆ ಯಾರೂ ಬಟ್ಟೆ ಹಿಡಿದು ನಿಲ್ಲುವುದಿಲ್ಲ. ಇನ್ನು ಸ್ವಾಭಿಮಾನದಿಂದ ಕೈಚಾಚಲಾರದವನು ತನ್ನ ರೋಗವನ್ನೇ ಅಡಗಿಸಿಡುತ್ತಾನೆ. ಬೇಡದೆ ಸುಮ್ಮನಿರುವ ಬಡವನನ್ನು ಹುಡುಕಿ ಗುರುತಿಸಬೇಕೆಂದು ನಮ್ಮ ಧರ್ಮ ಕಲಿಸುತ್ತದೆ. ಆದರೆ ನಮ್ಮ ಈಗಿನ ಏರ್ಪಾಡು ಬೇಡಿದವನಿಗೆ ಮಾತ್ರ, ಅದರಲ್ಲೂ ಮನಮುಟ್ಟುವಂತೆ ಬೇಡಬಲ್ಲವನಿಗೆ ಮಾತ್ರ ಸಿಗುತ್ತದೆ.

ರೋಗಿಯ ಮನೆಯವರು ತಟ್ಟುವ ಇನ್ನೊಂದು ಬಾಗಿಲು ಶಾಸಕರದ್ದು. ಜಮಾಅತ್‌ನ ಕೆಲಸಗಳಲ್ಲಿ ತೊಡಗಿರುವ ನಾವೂ ಎಷ್ಟೋ ಸಲ ಅರ್ಜಿ ಬರೆದುಕೊಟ್ಟು ಆ ಬಾಗಿಲಿಗೆ ಹೋಗಿದ್ದೇವೆ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಒಂದು ಶಿಫಾರಸು ಪತ್ರ, ಆಸ್ಪತ್ರೆಯ ಆಡಳಿತಕ್ಕೆ ಒಂದು ದೂರವಾಣಿ ಕರೆ, ಕೆಲವು ತಿಂಗಳ ಬಳಿಕ ಒಂದು ಚೆಕ್. ಪಕ್ಷ ಯಾವುದೇ ಇರಲಿ, ಕೇಳಿದವರಿಗೆ ಇಂತಹ ಪತ್ರ ಕೊಟ್ಟ ಶಾಸಕರಿದ್ದಾರೆ. ಅವರಿಗೆ ನಾವು ಋಣಿಗಳು. ಆದರೆ ಈ ಪತ್ರವೇ ಶಾಸಕರ ಕರ್ತವ್ಯವೆಂದು ನಾವೂ ನಂಬಿದ್ದೇವೆ, ಅವರೂ ನಂಬಿದ್ದಾರೆ. ಪತ್ರ ಒಬ್ಬನಿಗೆ ಸಿಗುತ್ತದೆ, ಕಾನೂನು ಎಲ್ಲರಿಗೂ ಸಿಗುತ್ತದೆ. ಪತ್ರ ಪಡೆದವನು ಉಪಕೃತನಾಗಿ ತಲೆಬಾಗುತ್ತಾನೆ, ಕಾನೂನಿನ ಬಲವಿರುವವನು ಹಕ್ಕುದಾರನಾಗಿ ತಲೆಯೆತ್ತಿ ನಿಲ್ಲುತ್ತಾನೆ. ನಾವು ಆರಿಸಿ ಕಳಿಸುವ ವ್ಯಕ್ತಿಗೆ ‘ಶಾಸಕ’ ಎಂಬ ಹೆಸರು ಬಂದಿರುವುದೇ ಶಾಸನ ರಚಿಸುವ ಅಧಿಕಾರದಿಂದ ಎಂಬುದನ್ನು ನೆನಪಿಸಿಕೊಳ್ಳಬೇಕಾಗಿದೆ.

ಶಾಸನವೊಂದು ಬಡವನ ಆರೋಗ್ಯಕ್ಕೆ ಏನು ಮಾಡಬಲ್ಲದು ಎಂಬುದಕ್ಕೆ ನಮ್ಮ ಮನೆಗಳಲ್ಲೇ ಉದಾಹರಣೆಯಿದೆ. ಈ ಮೂರೂ ತಾಲೂಕುಗಳಲ್ಲಿ ಮಡಿಲಲ್ಲಿ ಗೆರಸೆಯಿಟ್ಟು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ಎಲ್ಲ ಸಮುದಾಯಗಳಲ್ಲಿಯೂ ಇದ್ದಾರೆ. ದಿನವಿಡೀ ಬಾಗಿ ಕುಳಿತ ಬೆನ್ನು, ಹೊಗೆಸೊಪ್ಪಿನ ಧೂಳು ತುಂಬಿದ ಎದೆ ಅವರ ಪಾಲಿನ ಗಳಿಕೆ. 1976ರಲ್ಲಿ ಸಂಸತ್ತು ಬೀಡಿ ಕಾರ್ಮಿಕರ ಕಲ್ಯಾಣಕ್ಕಾಗಿ ಎರಡು ಕಾಯ್ದೆಗಳನ್ನು ಮಾಡಿತು. ಬೀಡಿ ಉದ್ಯಮದ ಮೇಲೆ ಸಣ್ಣ ಮೊತ್ತದ ಮೇಲ್ತೆರಿಗೆ ವಿಧಿಸುವುದು, ಅದರಿಂದ ಬಂದ ಹಣವನ್ನು ಕಾರ್ಮಿಕರ ಔಷಧಾಲಯ, ಚಿಕಿತ್ಸೆ ಮತ್ತು ಮಕ್ಕಳ ವಿದ್ಯಾರ್ಥಿವೇತನಕ್ಕೆ ಬಳಸುವುದು ಅವುಗಳ ಉದ್ದೇಶವಾಗಿತ್ತು. ಗುರುತಿನ ಚೀಟಿ ತೋರಿಸಿದ ಮಹಿಳೆ ಅಲ್ಲಿ ಯಾರ ದಯೆಯನ್ನೂ ಕೇಳಬೇಕಾಗಿರಲಿಲ್ಲ. ಅವಳು ಕಟ್ಟಿದ ಬೀಡಿಯ ಮೇಲಿನ ತೆರಿಗೆಯೇ ಅವಳ ಹಕ್ಕಿಗೆ ಆಧಾರವಾಗಿತ್ತು.

2017ರಲ್ಲಿ ಜಿಎಸ್‌ಟಿ ಬಂದಾಗ ಹಲವು ಮೇಲ್ತೆರಿಗೆಗಳ ಜೊತೆ ಬೀಡಿಯ ಈ ಮೇಲ್ತೆರಿಗೆಯೂ ರದ್ದಾಯಿತು. ಅಲ್ಲಿಯವರೆಗೆ ಬೀಡಿ ಕಾರ್ಮಿಕರಿಗೇ ಮೀಸಲಾಗಿದ್ದ ಒರತೆ ಬತ್ತಿತು. ಅನಂತರ ಅವರ ಕಲ್ಯಾಣವು ಪ್ರತಿವರ್ಷದ ಬಜೆಟ್ಟಿನಲ್ಲಿ ಎಷ್ಟು ಇಡುತ್ತಾರೆ ಎಂಬುದನ್ನು ಅವಲಂಬಿಸಿತು. ನಮ್ಮ ಎಷ್ಟು ಮನೆಗಳಲ್ಲಿ ಆ ದಿನಗಳಲ್ಲಿ ಈ ವಿಷಯ ಚರ್ಚೆಯಾಯಿತು? ಎಷ್ಟು ವೇದಿಕೆಗಳಲ್ಲಿ ಜನಪ್ರತಿನಿಧಿಗಳನ್ನು ಪ್ರಶ್ನಿಸಲಾಯಿತು? ಒಂದು ಕಾಯ್ದೆ ಹುಟ್ಟಿದಾಗ ಹೇಗೆ ನಮ್ಮ ತಾಯಂದಿರಿಗೆ ಔಷಧಿ ದೊರಕಿತೋ, ಹಾಗೆಯೇ ಅದು ಅಳಿದಾಗ ಅವರ ಔಷಧಿಗೆ ಸಂಚಕಾರ ಬರಬಹುದು. ಶಾಸನ ಸಭೆಗಳ ನಡಾವಳಿ ನಮ್ಮ ಅಡುಗೆ ಮನೆಗೆ ಸಂಬಂಧಿಸಿದ್ದಲ್ಲ ಎಂದು ತಿಳಿಯುವವರು ಇದನ್ನು ಗಮನಿಸಬೇಕು.

ಅಗತ್ಯವಿರುವ ಚಿಕಿತ್ಸೆ ಎಲ್ಲರಿಗೂ ಸಿಗಬೇಕು, ಅದಕ್ಕಾಗಿ ಯಾವ ಕುಟುಂಬವೂ ಸಾಲದ ಕೂಪಕ್ಕೆ ಬೀಳಬಾರದು. ಸಾರ್ವತ್ರಿಕ ಆರೋಗ್ಯ ರಕ್ಷಣೆ ಎಂಬ ದೊಡ್ಡ ಮಾತಿನ ಸರಳ ಅರ್ಥ ಇಷ್ಟೇ. 2030ರೊಳಗೆ ಇದನ್ನು ಸಾಧಿಸುತ್ತೇವೆಂದು ಜಗತ್ತಿನ ರಾಷ್ಟ್ರಗಳು ಮಾತು ಕೊಟ್ಟಿವೆ. 2019ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಉನ್ನತ ಮಟ್ಟದ ಸಭೆ ಆ ಮಾತನ್ನು ಪುನರುಚ್ಚರಿಸಿತು. ಮರು ತಿಂಗಳು ಬೆಲ್‌ಗ್ರೇಡ್‌ನಲ್ಲಿ ಸೇರಿದ ಅಂತರ-ಸಂಸದೀಯ ಒಕ್ಕೂಟವು ಈ ಗುರಿಯಲ್ಲಿ ಶಾಸನ ಸಭೆಗಳ ಪಾತ್ರದ ಕುರಿತೇ ನಿರ್ಣಯ ಅಂಗೀಕರಿಸಿತು. ನಮ್ಮ ಸಂವಿಧಾನದ 47ನೇ ವಿಧಿಯು ಸಾರ್ವಜನಿಕ ಆರೋಗ್ಯದ ಸುಧಾರಣೆಯನ್ನು ಸರ್ಕಾರದ ಪ್ರಾಥಮಿಕ ಕರ್ತವ್ಯಗಳಲ್ಲಿ ಒಂದೆಂದು ಹೇಳುತ್ತದೆ. ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯ ಪಟ್ಟಿಯಲ್ಲಿವೆ. ಆದ್ದರಿಂದ ಈ ಪ್ರಶ್ನೆಯನ್ನು ನಾವು ಮೊದಲು ಕೇಳಬೇಕಾದದ್ದು ವಿಧಾನಸೌಧದಲ್ಲಿ ಕುಳಿತಿರುವ ನಮ್ಮ ಶಾಸಕರನ್ನೇ.

ಯೋಜನೆಗಳೇ ಇಲ್ಲವೆಂದು ನಾವು ಹೇಳುವುದಿಲ್ಲ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ರಕ್ಷಣೆ ಗೊತ್ತುಪಡಿಸಲಾಯಿತು. ಇದರಿಂದ ಬದುಕಿ ಬಂದವರು ನಮ್ಮ ನಡುವೆ ಇದ್ದಾರೆ. ಆದರೆ ಅದೇ ಯೋಜನೆಯಲ್ಲಿ ಎಪಿಎಲ್ ಕುಟುಂಬಕ್ಕೆ ಸರ್ಕಾರ ಕೊಡುವುದು ಚಿಕಿತ್ಸೆಯ ನಿಗದಿತ ದರದ ಶೇಕಡಾ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಉಳಿದ 70 ಭಾಗ ರೋಗಿಯದ್ದು. ಗಲ್ಫ್‌ನಲ್ಲಿ ಹತ್ತು ವರ್ಷ ದುಡಿದು, ಕೆಲಸ ಕಳೆದುಕೊಂಡು ಊರಿಗೆ ಮರಳಿದವನ ಕೈಯಲ್ಲಿ ಇರುವುದು ಈ ಎಪಿಎಲ್ ಚೀಟಿ. ಆದಾಯ ನಿಂತ ದಿನವೇ ಚೀಟಿ ಬದಲಾಗುವುದಿಲ್ಲ, ಹೃದಯದ ರಕ್ತನಾಳ ಮಾತ್ರ ಚೀಟಿ ಬದಲಾಗುವವರೆಗೆ ಕಾಯುವುದಿಲ್ಲ.

ಯೋಜನೆಯ ಒಳದಾರಿಯೂ ಸುಗಮವಲ್ಲ. ತುರ್ತು ಅಲ್ಲದ ಕಾಯಿಲೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆ ಚಿಕಿತ್ಸೆ ಸಾಧ್ಯವಿಲ್ಲವೆಂದಾದರೆ ರೆಫರಲ್ ಪತ್ರ ಪಡೆದು, ಯೋಜನೆಗೆ ನೋಂದಾಯಿಸಿಕೊಂಡಿರುವ ಆಸ್ಪತ್ರೆಗೆ ಹೋಗಬೇಕು. ಸರ್ಕಾರಿ ಆಸ್ಪತ್ರೆಯನ್ನು ಬಲಪಡಿಸುವ ಉದ್ದೇಶದ ಈ ನಿಯಮ ತಾತ್ವಿಕವಾಗಿ ಸರಿ. ಆದರೆ ತಾಲೂಕು ಆಸ್ಪತ್ರೆಯಲ್ಲಿ ತಜ್ಞ ವೈದ್ಯರ ಹುದ್ದೆ ಖಾಲಿಯಿದ್ದರೆ ಈ ನಿಯಮವು ಬಡವನಿಗೆ ಇನ್ನೊಂದು ಅಲೆದಾಟವಾಗುತ್ತದೆ. ಬೆಳ್ತಂಗಡಿಯಿಂದ ಮಂಗಳೂರಿಗೆ ಸುಮಾರು 60 ಕಿಲೋಮೀಟರ್. ಘಟ್ಟದ ಬುಡದ ಹಳ್ಳಿಗಳಿಗೆ ಅದಕ್ಕಿಂತಲೂ ದೂರ. ಕೂಲಿ ಬಿಟ್ಟು, ಬಸ್ಸು ಹಿಡಿದು, 1848ರಿಂದಲೂ ಈ ಸೀಮೆಯ ಬಡವರನ್ನು ಸಲಹುತ್ತಿರುವ ವೆನ್‌ಲಾಕ್ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವವನ ದಿನದ ಖರ್ಚು ಯಾವ ವಿಮೆಯಲ್ಲಿಯೂ ಬರುವುದಿಲ್ಲ.

ತುರ್ತು ಸಂದರ್ಭದಲ್ಲಂತೂ ಕಾನೂನಿಗೂ ಕೃಪೆಗೂ ಇರುವ ಅಂತರ ಜೀವಕ್ಕೂ ಸಾವಿಗೂ ಇರುವ ಅಂತರವೇ ಆಗಿದೆ. 1992ರಲ್ಲಿ ಪಶ್ಚಿಮ ಬಂಗಾಳದ ಹಕೀಂ ಶೇಖ್ ಎಂಬ ಕಾರ್ಮಿಕ ರೈಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಒಂದಾದ ಮೇಲೊಂದರಂತೆ ಸರ್ಕಾರಿ ಆಸ್ಪತ್ರೆಗಳು ಹಾಸಿಗೆಯಿಲ್ಲ, ಸೌಲಭ್ಯವಿಲ್ಲ ಎಂದು ಅವರನ್ನು ಸಾಗಹಾಕಿದವು. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಹಣ ತೆತ್ತು ಚಿಕಿತ್ಸೆ ಪಡೆಯಬೇಕಾಯಿತು. ಆ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್, ತುರ್ತು ಚಿಕಿತ್ಸೆ ಕೊಡದಿರುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಉಲ್ಲಂಘನೆ, ಹಣದ ಕೊರತೆ ಸರ್ಕಾರಕ್ಕೆ ನೆಪವಾಗಲಾರದು ಎಂದು ತೀರ್ಪಿತ್ತಿತು.

ತೀರ್ಪನ್ನು ಆಸ್ಪತ್ರೆಯ ಬಾಗಿಲಿಗೆ ತಲುಪಿಸುವ ಕೆಲಸ ಶಾಸನ ಸಭೆಯದ್ದು. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಅಪಘಾತಕ್ಕೀಡಾದ ಹರೀಶ್ ನಂಜಪ್ಪ, ಸಾವಿನ ಅಂಚಿನಲ್ಲಿಯೂ ತನ್ನ ಅಂಗಗಳನ್ನು ದಾನಮಾಡಿ ಎಂದು ಬೇಡಿಕೊಂಡರು. ಅವರ ಹೆಸರಿನಲ್ಲಿ ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆಗಳಲ್ಲಿ 25 ಸಾವಿರ ರೂಪಾಯಿಗಳವರೆಗೆ ಉಚಿತ ಚಿಕಿತ್ಸೆಯ ಯೋಜನೆ ಬಂದಾಗ ಆರೋಗ್ಯ ಸಚಿವರಾಗಿದ್ದವರು ನಮ್ಮದೇ ಜಿಲ್ಲೆಯ ಯು.ಟಿ. ಖಾದರ್. ಒಳ್ಳೆಯ ಯೋಜನೆಯೇ ಹೌದು. ಆದರೆ ಆದೇಶದಿಂದ ಹುಟ್ಟಿದ ಯೋಜನೆಯನ್ನು ಇನ್ನೊಂದು ಆದೇಶ ಬದಲಿಸಬಹುದು. ಕಾಯ್ದೆಯನ್ನು ಬದಲಿಸಲು ಮಾತ್ರ ಸದನದ ಮುಂದೆ ಕಾರಣ ಹೇಳಬೇಕಾಗುತ್ತದೆ.

ಅಂತಹ ಒಂದು ಕಾಯ್ದೆ ನಮ್ಮಲ್ಲಿದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದ್ದು, ಅದಕ್ಕೆ 2017ರಲ್ಲಿ ತಿದ್ದುಪಡಿಯಾಯಿತು. ತುರ್ತು ಸ್ಥಿತಿಯಲ್ಲಿ ಬಂದ ರೋಗಿಯ ಬಳಿ ಮುಂಗಡ ಹಣಕ್ಕಾಗಿ ಪಟ್ಟು ಹಿಡಿಯುವಂತಿಲ್ಲ. ರೋಗಿ ತೀರಿಕೊಂಡರೆ ಬಾಕಿ ಬಿಲ್ಲಿಗಾಗಿ ಮೃತದೇಹವನ್ನು ತಡೆಹಿಡಿಯುವಂತಿಲ್ಲ. ಮಯ್ಯಿತ್ತನ್ನು ತಡಮಾಡದೆ ದಫನ ಮಾಡಬೇಕೆಂಬುದನ್ನು ಪಾಲಿಸುವ ನಮಗೆ ಈ ನಿಯಮದ ಬೆಲೆ ಏನೆಂದು ವಿವರಿಸಬೇಕಾಗಿಲ್ಲ. ದೂರು ಕೇಳಲು ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಪ್ರಾಧಿಕಾರವೂ ಇದೆ. ಇಷ್ಟಿದ್ದೂ ಮಧ್ಯರಾತ್ರಿಯಲ್ಲಿ ಬಿಲ್ಲಿನ ಹಣ ಹೊಂದಿಸಲು ಓಡಾಡುವ ನಮ್ಮ ಯುವಕರಲ್ಲಿ ಎಷ್ಟು ಮಂದಿಗೆ ಇದು ಗೊತ್ತಿದೆ?

ಆ ತಿದ್ದುಪಡಿಯ ಚರಿತ್ರೆಯಲ್ಲಿ ಇನ್ನೊಂದು ಪಾಠವಿದೆ. 2017ರ ನವೆಂಬರ್‌ನಲ್ಲಿ ಅದನ್ನು ವಿರೋಧಿಸಿ ಖಾಸಗಿ ವೈದ್ಯರು ರಾಜ್ಯಾದ್ಯಂತ ಮುಷ್ಕರ ಹೂಡಿದರು. ಮಸೂದೆಯ ಕೆಲವು ಕಟ್ಟುನಿಟ್ಟಿನ ಅಂಶಗಳು ಸಡಿಲಗೊಂಡ ಬಳಿಕವೇ ಅದು ಅಂಗೀಕಾರವಾಯಿತು. ವೈದ್ಯರಿಗೆ ತಮ್ಮ ಅಹವಾಲು ಹೇಳಿಕೊಳ್ಳುವ ಹಕ್ಕಿತ್ತು, ಹೇಳಿಕೊಂಡರು. ರೋಗಿಗಳ ಪರವಾಗಿ ಅಷ್ಟೇ ಗಟ್ಟಿಯಾಗಿ ಮಾತನಾಡುವ ಸಂಘಟನೆ ಇರಲಿಲ್ಲ. ಶಾಸಕರು ಕೇಳಿಸಿಕೊಂಡ ಧ್ವನಿಗೆ ಓಗೊಟ್ಟರು. ಮೌನವಾಗಿದ್ದ ನಾವು ಅವರನ್ನು ಮಾತ್ರ ದೂರಿದರೆ ನ್ಯಾಯವಾಗದು.

ಧ್ವನಿಯೆತ್ತಿದರೆ ಏನಾಗುತ್ತದೆ ಎಂಬುದನ್ನು ಬೆಳ್ತಂಗಡಿ ತಾಲೂಕಿನ ಕೊಕ್ಕಡ ತೋರಿಸಿಕೊಟ್ಟಿದೆ. ಅಲ್ಲಿನ ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಜಾತಿ ಧರ್ಮ ನೋಡದೆ ಎಲ್ಲರ ಬಾವಿಗೂ ಬಿತ್ತು. ಹಾಸಿಗೆ ಹಿಡಿದ ಮಕ್ಕಳನ್ನು ಜೀವಮಾನವಿಡೀ ನೋಡಿಕೊಳ್ಳಲು ಯಾವ ವಂತಿಗೆಯೂ ಸಾಲದು. ಸಂತ್ರಸ್ತರೂ ಅವರ ಪರವಾಗಿ ನಿಂತವರೂ ವರ್ಷಗಟ್ಟಲೆ ಹೋರಾಡಿದರು, ನ್ಯಾಯಾಲಯದ ಮೆಟ್ಟಿಲೇರಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ದೇಶದಾದ್ಯಂತ ನಿಷೇಧಿಸಿತು. ಕರ್ನಾಟಕದ ಸಂತ್ರಸ್ತರಿಗೆ ಮಾಸಾಶನವೂ ದೊರೆಯಿತು. ಅದು ಸಾಕಷ್ಟಲ್ಲ ಎಂಬ ಮಾತು ಬೇರೆ, ಆದರೆ ಅದು ಭಿಕ್ಷೆಯಾಗಿ ಬಂದುದಲ್ಲ.

ದಾನದ ಮಹಿಮೆಯನ್ನು ಕುಗ್ಗಿಸುವುದು ನಮ್ಮ ಉದ್ದೇಶವಲ್ಲ. ಝಕಾತ್ ಕಡ್ಡಾಯ, ಸದಕಾ ಪುಣ್ಯ. ಆದರೆ ಇಸ್ಲಾಮೀ ಇತಿಹಾಸದಲ್ಲಿ ಚಿಕಿತ್ಸೆಯ ದಾನವು ಶಾಶ್ವತವಾದದ್ದು ಅದಕ್ಕೆ ಕಾನೂನಿನ ಚೌಕಟ್ಟು ದೊರೆತಾಗಲೇ. ಸುಲ್ತಾನ್ ಕಲಾವೂನ್ 1284ರಲ್ಲಿ ಕೈರೋದಲ್ಲಿ ಕಟ್ಟಿಸಿದ ಆಸ್ಪತ್ರೆಯ ವಕ್ಫ್ ಪತ್ರದಲ್ಲಿ ಬಡವ ಬಲ್ಲಿದ, ಗಂಡು ಹೆಣ್ಣು, ಊರವ ಪರವೂರವ ಎಂಬ ಭೇದವಿಲ್ಲದೆ ಎಲ್ಲರಿಗೂ ಗುಣವಾಗುವವರೆಗೆ ಚಿಕಿತ್ಸೆಯೆಂದು ಗೊತ್ತುಪಡಿಸಲಾಗಿತ್ತು. ಖರ್ಚಿಗೆ ಆಸ್ತಿಯ ಆದಾಯವನ್ನು ಬರೆದಿಡಲಾಗಿತ್ತು. ಸುಲ್ತಾನ್ ಸತ್ತ ಮೇಲೂ ಶತಮಾನಗಳ ಕಾಲ ಆಸ್ಪತ್ರೆ ನಡೆಯಿತು. ರೋಗಿಯು ಸುಲ್ತಾನನ ಮನಸ್ಸು ಕರಗಿಸಬೇಕಾಗಿರಲಿಲ್ಲ, ಬರೆದಿಟ್ಟ ಪತ್ರವೇ ಅವನ ಪರವಾಗಿ ಮಾತನಾಡುತ್ತಿತ್ತು.

ಇಂದು ಸಾಯುತ್ತಿರುವವನಿಗೆ ನಾಳಿನ ಕಾಯ್ದೆಯಿಂದ ಏನು ಪ್ರಯೋಜನ ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇಂದಿನ ರೋಗಿಗೆ ಇಂದೇ ಕೊಡೋಣ. ಆದರೆ ಮುಂದಿನ ರೋಗಿಗಾಗಿ ಇಂದೇ ಕೇಳಲೂ ಆರಂಭಿಸೋಣ. ಪ್ರತಿಯೊಂದು ಜಮಾಅತ್ ತನ್ನ ಮುಂದೆ ಬರುವ ಚಿಕಿತ್ಸಾ ಮನವಿಗಳನ್ನು ಹೆಸರಿಲ್ಲದೆ ಒಂದು ಪುಸ್ತಕದಲ್ಲಿ ದಾಖಲಿಸಲಿ: ಯಾವ ರೋಗ, ಎಷ್ಟು ಖರ್ಚು, ಯೋಜನೆ ಏಕೆ ಸಿಗಲಿಲ್ಲ, ಯಾವ ತಜ್ಞರು ತಾಲೂಕು ಆಸ್ಪತ್ರೆಯಲ್ಲಿ ಇರಲಿಲ್ಲ. ನೆರೆಯ ದೇವಸ್ಥಾನ, ಬಸದಿ, ಇಗರ್ಜಿಗಳ ಸಮಿತಿಗಳನ್ನೂ ಜೊತೆಗೆ ಕರೆಯೋಣ, ಅವರ ಬಳಿಯೂ ಇಂಥದೇ ಮನವಿಗಳಿವೆ. ವರ್ಷಕ್ಕೊಮ್ಮೆ ಆ ಲೆಕ್ಕವನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕ್ಷೇತ್ರಗಳ ಶಾಸಕರ ಕೈಗಿಡೋಣ.

ಕೇಳಬೇಕಾದ ಪ್ರಶ್ನೆಗಳು ಸ್ಪಷ್ಟವಿರಲಿ. ತಾಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಅಧ್ಯಕ್ಷರಾಗಿ ಈ ವರ್ಷ ಎಷ್ಟು ಸಭೆ ನಡೆಸಿದಿರಿ? ಖಾಲಿ ಹುದ್ದೆಗಳ ಬಗ್ಗೆ ಸದನದಲ್ಲಿ ಎಷ್ಟು ಪ್ರಶ್ನೆ ಕೇಳಿದಿರಿ? ಬಜೆಟ್ಟಿನಲ್ಲಿ ಆರೋಗ್ಯದ ಪಾಲು ಹೆಚ್ಚಿಸಲು ಏನು ಮಾತನಾಡಿದಿರಿ? ರಾಜಸ್ಥಾನದ ವಿಧಾನಸಭೆ 2023ರಲ್ಲಿ ಆರೋಗ್ಯದ ಹಕ್ಕಿನ ಕಾಯ್ದೆಯನ್ನು ಅಂಗೀಕರಿಸಿತು, ಅಂತಹದ್ದನ್ನು ಇಲ್ಲಿಯೂ ತರಲು ನೀವು ಕೈಯೆತ್ತುವಿರಾ?

ಅಧಿಕಾರ ಒಂದು ಅಮಾನತ್. ಅದನ್ನು ಹೊತ್ತವರು ಅದರ ಬಗ್ಗೆ ಉತ್ತರಿಸಬೇಕಾಗುವುದು ನಿಶ್ಚಿತ. ಮತವೂ ಒಂದು ಅಮಾನತ್. ಅದನ್ನು ಕೊಟ್ಟು ಐದು ವರ್ಷ ಸುಮ್ಮನಿದ್ದವರನ್ನೂ ಪ್ರಶ್ನಿಸಲಾಗುವುದು. ಶಾಸಕರು ನಮ್ಮ ಮನೆಯ ಮದುವೆಗೆ ಬಂದರೆ ಸಂತೋಷ, ಮಯ್ಯಿತ್ತಿಗೆ ಬಂದರೆ ಸಾಂತ್ವನ. ಆದರೆ ಅಕಾಲ ಮರಣಗಳನ್ನು ತಡೆಯಬಲ್ಲ ಮಸೂದೆಯ ದಿನ ಅವರು ಸದನದಲ್ಲಿರಬೇಕು, ಎದ್ದು ನಿಂತು ಮಾತನಾಡಬೇಕು. ಅವರಿಂದ ನಾವು ಮೊದಲು ಕೇಳಬೇಕಾದ ಉಪಕಾರ ಅದೇ.