ಆನೆಯೋ ಬಸವನೋ

ಇಲ್ಲದ ಪ್ರಾಣಿಗಳನ್ನು ಸಾಕಿ ಸಲಹುವುದರಲ್ಲಿ ನಮ್ಮ ನಾಡಿನ ಶಿಲ್ಪಿಗಳು ಬಹಳ ಉದಾರಿಗಳು. ಹೊಯ್ಸಳರ ದೇಗುಲಗಳ ಮಕರವನ್ನೇ ನೋಡಿ: ಮೊಸಳೆಯ ಬಾಯಿ, ಆನೆಯ ಸೊಂಡಿಲು, ನವಿಲಿನ ಬಾಲ. ಕರ್ನಾಟಕ ಸರ್ಕಾರದ ಲಾಂಛನದಲ್ಲಿಯೂ ಗಂಡಭೇರುಂಡದ ಎರಡು ಪಕ್ಕಗಳಲ್ಲಿ ಸಿಂಹದ ಮೈ, ಆನೆಯ ತಲೆ ಹೊತ್ತ ಮೃಗಗಳು ನಿಂತಿವೆ. ನಾವು ಅವನ್ನು ಕಣ್ಣೆತ್ತಿ ನೋಡುವುದಿಲ್ಲ. ಕೆಳಗೆ ಏನು ಬರೆದಿದೆಯೆಂಬುದೇ ನಮಗೆ ಮುಖ್ಯ.

ನನ್ನ ನಿದ್ದೆ ಕೆಡಿಸಿದ್ದು ಇವಾವುವೂ ಅಲ್ಲ, ಬಾದಾಮಿಯ ಮೊದಲನೆಯ ಗುಹೆಯ ಒಂದು ಪ್ರಾಣಿ. ಆರನೆಯ ಶತಮಾನದ ಚಾಲುಕ್ಯರ ಕೆಲಸ. ಗುಹೆಯ ಹತ್ತಿರ ಹೋದವರೆಲ್ಲ 18 ಕೈಗಳ ನಟರಾಜನ ಕಡೆಗೆ ಓಡುತ್ತಾರೆ. ಬಾಗಿಲಿನ ಎಡಗಡೆ ತ್ರಿಶೂಲ ಹಿಡಿದು ನಿಂತ ದ್ವಾರಪಾಲಕನನ್ನು, ಅವನ ಕಾಲ ಕೆಳಗಿನ ಈ ಬಡಪ್ರಾಣಿಯನ್ನು ಕೇಳುವವರು ಕಡಿಮೆ.

ಕೆಲವು ವರ್ಷಗಳ ಹಿಂದೆ ಕೆಂಗೇರಿಯಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ಕುಲುಕಿ ಹುಡುಗರನ್ನು ಅಲ್ಲಿಗೆ ಕರೆದೊಯ್ದಿದ್ದೆ. ಊರಿಗೆ ಮರಳಿದ ಮೇಲೆ ಕಿರುಪರೀಕ್ಷೆ: ದ್ವಾರಪಾಲಕನ ಕೆಳಗಿನ ಪ್ರಾಣಿ ಯಾವುದು? ಎಲ್ಲರೂ ಆನೆಯೆಂದು ಬರೆದರು. ನಾನು ಹೇಳಿದ್ದೂ ಅದನ್ನೇ. ಒಬ್ಬ ಹುಡುಗ ಮಾತ್ರ ಬಸವನೆಂದು ಬರೆದಿದ್ದ. ಒಕ್ಕಲು ಮನೆಯ ಹುಡುಗ, ಮುಂದಿನ ಬೆಂಚಿನವನು. ನಾನು ಕೆಂಪು ಶಾಯಿಯಲ್ಲಿ ಗೀಟು ಎಳೆದದ್ದು ಸಾಲದೆಂದು, ತರಗತಿಯಲ್ಲಿ ಓದಿ ಹೇಳಿದೆ. "ನಮ್ಮ ಪಕ್ಕದಲ್ಲಿ ವೃಷಭಾವತಿ ಹರಿಯುತ್ತಾಳೆ ನಿಜ, ಹಾಗೆಂದು ಕಂಡದ್ದೆಲ್ಲ ವೃಷಭವೇ ಏನಯ್ಯ?" ತರಗತಿ ಗೊಳ್ಳೆಂದಿತು. ಹೊಳೆಯ ಈಗಿನ ವಾಸನೆಯೂ ಆ ನಗೆಗೆ ಸ್ವಲ್ಪ ನೆರವಾಗಿರಬೇಕು. ಹುಡುಗ, "ನಾನು ಆ ಕಡೆ ನಿಂತಿದ್ದೆ ಸಾರ್" ಎಂದಷ್ಟೇ ಹೇಳಿ ಕುಳಿತ. ಮರುದಿನದಿಂದ ಅವನು ಹಿಂದಿನ ಬೆಂಚಿಗೆ ಹೋದ. ನಾನು ಗಮನಿಸಿದೆ, ಕಾರಣ ಕೇಳಲಿಲ್ಲ.

ಮತ್ತೊಮ್ಮೆ ಬಾದಾಮಿಗೆ ಹೋದಾಗ ಜನಜಂಗುಳಿ ನನ್ನನ್ನು ಬಲಕ್ಕೆ ತಳ್ಳಿತು. ಅಲ್ಲಿಂದ ನೋಡುತ್ತೇನೆ, ಬಸವ! ಗುಂಪನ್ನು ಸೀಳಿಕೊಂಡು ಎಡಕ್ಕೆ ಬಂದೆ: ಆನೆ. ಎರಡು ಮೈಗಳಿಗೆ ತಲೆ ಒಂದೇ. ಒಂದು ಮೈಯನ್ನು ಅಂಗೈಯಿಂದ ಮರೆಮಾಡಿದರೆ ಉಳಿದದ್ದು ಪೂರ್ತಿ ಪ್ರಾಣಿಯೇ, ಯಾವುದಕ್ಕೂ ಊನವಿಲ್ಲ. ಆ ಶಿಲ್ಪಿಯ ಜಾಣತನಕ್ಕೆ ತಲೆದೂಗುವ ಮೊದಲು ನನಗೆ ಕೆಂಪು ಶಾಯಿ ನೆನಪಾಯಿತು. ಆಮೇಲೆ ವಿಚಾರಿಸಿದರೆ, ಬಲ್ಲವರು ಅದನ್ನು ವೃಷಭಕುಂಜರವೆಂದು ಕರೆಯುತ್ತಾರಂತೆ. ಹೆಸರಿನಲ್ಲಿ ವೃಷಭವೇ ಮೊದಲು. ಎಂ.ಎ. ಓದಿದವನಿಗೆ ಇದು ತಿಳಿದಿರಬೇಕಾಗಿತ್ತು.

ಅಷ್ಟರಲ್ಲಿ ಹುಡುಗ ಕಾಲೇಜು ಬಿಟ್ಟಾಗಿತ್ತು. ಹುಡುಕಿಕೊಂಡು ಹೋಗಬೇಕೆಂದು ಎಷ್ಟೋ ದಿನ ಅಂದುಕೊಂಡೆ, ಹೋಗಲಿಲ್ಲ. ಕಡೆಗೆ ಕೆಂಗೇರಿಯ ಬಸ್ ನಿಲ್ದಾಣದ ಬಳಿ ಅವನೇ ಎದುರಾದ. ಸ್ಕೂಟರಿನ ಎರಡು ಕಡೆಗೂ ಹಾಲಿನ ಕ್ಯಾನು. ಇಳಿದು ಕೈಮುಗಿದ. ನಾನು ಪೀಠಿಕೆಯಿಲ್ಲದೆ, "ನೀನು ಬರೆದದ್ದು ಸರಿಯಾಗಿತ್ತಪ್ಪ. ತಪ್ಪು ನನ್ನದು. ಅಲ್ಲಿ ಬಸವನೂ ಇದೆ, ಆನೆಯೂ ಇದೆ" ಎಂದೆ.

ಅವನು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದ.

"ಆನೆ ಇರೋದು ನಿಜವಾ ಸಾರ್? ನೀವು ನನ್ನನ್ನು ಬೈಯೋಕೆ ಹೇಳಿದ್ರಿ ಅಂದುಕೊಂಡಿದ್ದೆ."