ಊಟ ಹಾಕಿದ ಮೇಲೆ ಸಂಬಳವೇಕೆ?

"ಉಸ್ತಾದ್, ಇಲ್ಲಿ ಎಲ್ಲವೂ ಚೆನ್ನಾಗಿದೆ. ಊಟ ಇದೆ, ಹಾಸಿಗೆ ಇದೆ, ಮಕ್ಕಳಂತೂ ನನ್ನನ್ನು ಬಿಟ್ಟು ಕದಲುವುದಿಲ್ಲ. ಆದರೆ ಒಂದು ಲೆಕ್ಕ ಮಾತ್ರ ಅರ್ಥವಾಗುತ್ತಿಲ್ಲ. ನೀವು ಬಿ.ಎ.ಯಲ್ಲಿ ಅರ್ಥಶಾಸ್ತ್ರ ಓದಿದವರಲ್ಲವೇ? ಸ್ವಲ್ಪ ಬಿಡಿಸಿ ಹೇಳಿ."

2018ರ ಜುಲೈ ತಿಂಗಳ ಒಂದು ರಾತ್ರಿ ಅಮೆರಿಕದಿಂದ ಬಂದ ಕರೆ ಅದು. ಇಶಾ ನಮಾಝ್ ಮುಗಿಸಿ ಮನೆಗೆ ಬಂದು ಊಟಕ್ಕೆ ಕೂತಿದ್ದೆ. ಮಾತನಾಡಿದವನು ನನ್ನ ಹಳೆಯ ವಿದ್ಯಾರ್ಥಿ. ನಮ್ಮ ಮದ್ರಸದ ಚಾಪೆಯ ಮೇಲೆ ಅಲಿಫ್, ಬಾ ಕಲಿತವನು. ಆಮೇಲೆ ಅರಬಿಯಲ್ಲಿ ಎಂ.ಎ. ಮಾಡಿದ, ಇಂಗ್ಲಿಷನ್ನೂ ಚೆನ್ನಾಗಿ ಕಲಿತ. ಅಲ್ಲಿನ ಒಂದು ಬೇಸಿಗೆ ಶಿಬಿರದಲ್ಲಿ ಮಕ್ಕಳಿಗೆ ಅರಬಿ ಕಲಿಸಲು ಒಂಬತ್ತು ವಾರಗಳ ಮಟ್ಟಿಗೆ ಹೋಗಿದ್ದ. ಅವನು ವಿಮಾನ ಹತ್ತಿದ ದಿನ ನಾನು ಮದ್ರಸದಲ್ಲಿ ಮಕ್ಕಳಿಗೆಲ್ಲ ಸಿಹಿ ಹಂಚಿದ್ದೆ.

ಪ್ರಿಯ ಓದುಗರೇ, ಅಮೆರಿಕದ ಈ ಭಾಷಾ ಶಿಬಿರಗಳ ಬಗ್ಗೆ ಮೊದಲು ನಾಲ್ಕು ಮಾತು ಹೇಳಬೇಕು. ಅಲ್ಲಿ ಶಾಲೆಗೆ ದೀರ್ಘ ರಜೆ ಸಿಗುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಆ ದಿನಗಳಲ್ಲಿ ಮಕ್ಕಳನ್ನು ಕಾಡು, ಸರೋವರಗಳ ಬದಿಯ ಶಿಬಿರಗಳಿಗೆ ಕಳುಹಿಸುವ ರೂಢಿಯಿದೆ. ಭಾಷೆಗೆಂದೇ ನಡೆಯುವ ಶಿಬಿರಗಳೂ ಇವೆ. ಮಿನ್ನೆಸೋಟಾ ರಾಜ್ಯದಲ್ಲಿ ಕಾನ್ಕಾರ್ಡಿಯಾ ಕಾಲೇಜು 1961ರಲ್ಲಿ ಜರ್ಮನ್ ಭಾಷೆಯ ಶಿಬಿರದೊಂದಿಗೆ ಆರಂಭಿಸಿದ 'ಭಾಷಾ ಗ್ರಾಮ'ಗಳು ಇವುಗಳಲ್ಲಿ ಪ್ರಸಿದ್ಧ. ಮಗು ಅಲ್ಲಿಗೆ ಕಾಲಿಟ್ಟೊಡನೆ ಆ ಭಾಷೆಯ ಒಂದು ಹೊಸ ಹೆಸರು ಪಡೆಯುತ್ತದೆ, ಆ ದೇಶದ ಹಾಡು ಹಾಡುತ್ತದೆ, ಆ ದೇಶದ ಅಡುಗೆ ಉಣ್ಣುತ್ತದೆ. ಅರಬಿ ಭಾಷೆಗೂ ಅಲ್ಲಿ ಒಂದು ಗ್ರಾಮವಿದೆ, ಹೆಸರು 'ಅಲ್ ವಾಹಾ', ಅಂದರೆ ಮರಳುಗಾಡಿನ ಓಯಸಿಸ್. ಅರಬಿ, ಚೀನೀ ಮುಂತಾದ ಭಾಷೆ ಬಲ್ಲವರು ತಮಗೆ ಸಾಲದೆಂದು ಅಮೆರಿಕ ಸರಕಾರ ಕೂಡ 2006ರಲ್ಲಿ 'ಸ್ಟಾರ್‌ಟಾಕ್' ಎಂಬ ಯೋಜನೆ ರೂಪಿಸಿ, ಬೇಸಿಗೆ ತರಗತಿಗಳಿಗೆ ಹಣ ಕೊಡತೊಡಗಿತು. ಮುಂದೆ ಉರ್ದು, ಹಿಂದಿಗಳೂ ಅದರೊಳಗೆ ಸೇರಿದವು.

ಭಾಷೆಯನ್ನು ಅದರ ಕಂಪಿನೊಂದಿಗೆ ಕಲಿಸಬೇಕಾದರೆ ಹೊರದೇಶದವರು ಬೇಕು. ಅವರಲ್ಲಿ ಅನೇಕರು ಬರುವುದು 'ಜೆ-1' ಎಂಬ ವೀಸಾದಲ್ಲಿ. ಅದರಲ್ಲಿ ಶಿಬಿರಕ್ಕೆ ಬರುವವರಿಗೆಂದೇ ಒಂದು ವಿಭಾಗವಿದೆ. 18 ವರ್ಷ ತುಂಬಿರಬೇಕು, ನಾಲ್ಕು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. ಇವರನ್ನು ಅಡುಗೆಯವರಾಗಿಯೋ ಪಾತ್ರೆ ತೊಳೆಯುವವರಾಗಿಯೋ ಕರೆಸಿಕೊಳ್ಳಬಾರದು ಎಂದೂ ನಿಯಮ ಹೇಳುತ್ತದೆ. ಮತ್ತೊಂದು ನಿಯಮವಂತೂ ಓದಲು ಬಹಳ ಸೊಗಸಾಗಿದೆ: ಅದೇ ಕೆಲಸ ಮಾಡುವ ಅಮೆರಿಕನ್ನರಿಗೆ ಸಿಗುವಷ್ಟೇ ಸಂಬಳ, ಸವಲತ್ತು ಇವರಿಗೂ ಸಿಗಬೇಕು.

ಹಾಗಾದರೆ ತೊಂದರೆಯೇನು? ಅಮೆರಿಕನ್ನರಿಗೇ ಎಷ್ಟು ಸಿಗುತ್ತದೆ ಎಂಬುದೇ ತೊಂದರೆ. ಅಲ್ಲಿ 1938ರ ಕಾನೂನೊಂದು ಕನಿಷ್ಠ ಕೂಲಿಯನ್ನು ಗೊತ್ತುಪಡಿಸುತ್ತದೆ. 2009ರ ಜುಲೈಯಿಂದ ಕೇಂದ್ರ ಸರಕಾರದ ಆ ದರ ಗಂಟೆಗೆ 7.25 ಡಾಲರ್. ಆದರೆ ವರ್ಷದಲ್ಲಿ ಏಳು ತಿಂಗಳಿಗಿಂತ ಹೆಚ್ಚು ನಡೆಯದ ಶಿಬಿರಗಳಿಗೆ ಈ ಕಾನೂನಿನಿಂದ ವಿನಾಯಿತಿ ಇದೆ. ಕೆಲವು ರಾಜ್ಯಗಳ ಕಾನೂನು ಬೇರೆಯಿರಬಹುದು. ಉಳಿದೆಡೆ ಬೇಸಿಗೆ ಶಿಬಿರದ ಒಡೆಯ ಗಂಟೆಯ ಲೆಕ್ಕವನ್ನೇ ಇಡಬೇಕಾಗಿಲ್ಲ. ಇಡೀ ಬೇಸಿಗೆಗೆ ಇಷ್ಟು ಎಂದು ಒಂದು ಗಂಟು ಕೊಟ್ಟರೆ ಮುಗಿಯಿತು. ಸಮಾನತೆಯ ನಿಯಮ ಒಂದು ಕೈಯಿಂದ ಕೊಟ್ಟದ್ದನ್ನು ಈ ವಿನಾಯಿತಿ ಇನ್ನೊಂದು ಕೈಯಿಂದ ಹಿಂತೆಗೆದುಕೊಳ್ಳುತ್ತದೆ.

ಈಗ ನನ್ನ ಹುಡುಗನ ಲೆಕ್ಕಕ್ಕೆ ಬರೋಣ. ಒಂಬತ್ತು ವಾರಕ್ಕೆ ಅವನಿಗೆ ಗೊತ್ತಾಗಿದ್ದ ಹಣ 1,600 ಡಾಲರ್. ಬೆಳಗ್ಗೆ ಅರಬಿ ಪಾಠ, ಮಧ್ಯಾಹ್ನ ಆಟ, ಸಂಜೆ ನಾಟಕ, ಹಾಡು, ರಾತ್ರಿ ಎಂಟು ಮಕ್ಕಳ ಕೋಣೆಯಲ್ಲಿಯೇ ಕಾವಲು. ವಾರಕ್ಕೆ ಆರು ದಿನ, ದಿನಕ್ಕೆ 14 ಗಂಟೆ. ನಾನು ಊಟದ ತಟ್ಟೆ ಬದಿಗೆ ಸರಿಸಿ ಮಗಳ ನೋಟುಪುಸ್ತಕದ ಹಿಂಬದಿಯಲ್ಲಿ ಗುಣಿಸಿದೆ. 756 ಗಂಟೆ. ಗಂಟೆಗೆ ಎರಡು ಡಾಲರಿಗಿಂತ ಸ್ವಲ್ಪವೇ ಮೇಲೆ. ಹೋಗುವ ಮುನ್ನ ವೀಸಾ ಅರ್ಜಿಗೆ 160 ಡಾಲರ್, ನೋಂದಣಿಗೆ 35 ಡಾಲರ್ ಅವನೇ ಕಟ್ಟಿದ್ದ. ಜೊತೆಗೆ ಒಂದೇ ಕೋಣೆಯಲ್ಲಿ ಒಂದೇ ಕೆಲಸ ಮಾಡುತ್ತಿದ್ದ ಅಮೆರಿಕದ ಹುಡುಗನಿಗೆ 2,100. ಯಾಕೆಂದು ಕೇಳಿದರೆ ಬಂದ ಉತ್ತರ: "ನಿನ್ನನ್ನು ಕರೆತಂದ ಏಜೆನ್ಸಿಗೂ ನಾವು ಹಣ ಕೊಟ್ಟಿದ್ದೇವಲ್ಲ!"

"ಮತ್ತೇನು ಹೇಳಿದರು?" ಎಂದು ಕೇಳಿದೆ.

"ಊಟ, ವಸತಿ ಉಚಿತ, ನಿನಗೇನು ಖರ್ಚು ಅಂದರು. ನಿಮ್ಮ ದೇಶದ ಹಣಕ್ಕೆ ಬದಲಾಯಿಸಿ ನೋಡು, ಒಂದು ಲಕ್ಷಕ್ಕೂ ಮೇಲಾಗುತ್ತದೆ ಅಂದರು. ಅದು ಸುಳ್ಳಲ್ಲ ಉಸ್ತಾದ್. ಆದರೆ ಕೆಲಸ ನಾನು ಇಲ್ಲಿ ಮಾಡುತ್ತಿದ್ದೇನೆ ತಾನೇ?"

ನನ್ನ ಬಾಯಿಯಿಂದ ಮಾತು ಹೊರಡಲಿಲ್ಲ. ಅವನು ಲೈನ್ ಕಡಿದು ಹೋಯಿತೆಂದುಕೊಂಡು ಎರಡು ಸಲ "ಹಲೋ" ಎಂದ. ಲೈನ್ ಸರಿಯಾಗಿಯೇ ಇತ್ತು. ಆ ಮಾತುಗಳನ್ನು ಮೂರು ತಿಂಗಳ ಹಿಂದೆ ನಾನೇ ಕೇಳಿದ್ದೆ. ಕೇಳಿದ್ದು ಮಾತ್ರವಲ್ಲ, ತಲೆಯಾಡಿಸಿದ್ದೆ.

ಓದುಗರೇ, ಇಲ್ಲಿಂದ ಮುಂದಿನದು ನನ್ನದೇ ತಪ್ಪಿನ ಕಥೆ.

ಅದೇ ವರ್ಷ ಎಪ್ರಿಲ್‌ನಲ್ಲಿ ನಮ್ಮೂರಿನಲ್ಲಿ 21 ದಿನಗಳ ಭಾಷಾ ಶಿಬಿರ ನಡೆಸಿದ್ದೆವು. ಅರಬಿ, ಇಂಗ್ಲಿಷ್, ಉರ್ದು. ಕಾರ್ಯದರ್ಶಿ ನಾನೇ. ಅರಬಿಗೂ ಇಂಗ್ಲಿಷಿಗೂ ಊರಿನ ಇಬ್ಬರು ಶಿಕ್ಷಕರು. ಉರ್ದುವಿಗೆ ಬಿಹಾರದಿಂದ ಬಂದು ನಮ್ಮ ಮಸೀದಿಯ ಕೋಣೆಯಲ್ಲಿದ್ದ ಒಬ್ಬ ಮೌಲಾನಾ. ಕನ್ನಡ ಅವರಿಗೆ ಬಾರದು. ಆದರೂ ಮಕ್ಕಳು ಹೆಚ್ಚು ಹಚ್ಚಿಕೊಂಡದ್ದು ಅವರನ್ನೇ. ಸಂಜೆ ಉಳಿದಿಬ್ಬರು ಮನೆಗೆ ಹೋದ ಮೇಲೆ ದೂರದ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರೂ ಅವರೇ.

ಕೊನೆಯ ದಿನದ ಹಿಂದಿನ ರಾತ್ರಿ ಕಮಿಟಿ ಕೂತಿತು. ಊರಿನ ಇಬ್ಬರಿಗೆ ತಲಾ 7,000 ರೂಪಾಯಿ ಎಂದಾಯಿತು. ಮೌಲಾನಾರ ಹೆಸರು ಬಂದಾಗ ಒಬ್ಬರು ಹೇಳಿದರು: "ಊಟ ನಮ್ಮ ಮನೆಗಳಿಂದಲೇ ಹೋಗುತ್ತದೆ, ಕೋಣೆಗೆ ಬಾಡಿಗೆಯಿಲ್ಲ." ಇನ್ನೊಬ್ಬರು: "ಒಂಟಿ ಜೀವ, ಖರ್ಚೇನಿದೆ?" ಮತ್ತೊಬ್ಬರು: "ಅವರ ಊರಲ್ಲಿ ಇಷ್ಟೂ ಸಿಗುವುದಿಲ್ಲ." 4,000 ಎಂದು ತೀರ್ಮಾನವಾಯಿತು. ಲಕೋಟೆಯ ಮೇಲೆ ಹೆಸರು ಬರೆದವನು ನಾನು. ಮರುದಿನ ಮೂವರಿಗೂ ಒಂದೇ ಬಗೆಯ ಶಾಲು ಹೊದಿಸಿದೆವು. ಶಾಲಿನಲ್ಲಿ ಭೇದವಿರಲಿಲ್ಲ!

ಅಮೆರಿಕದ ಶಿಬಿರಕ್ಕೂ ನಮ್ಮೂರಿನ ಕಮಿಟಿಗೂ ಏನು ಸಂಬಂಧ? ಅವರು ಆಡಿದ್ದು ಇಂಗ್ಲಿಷ್, ನಾವು ಆಡಿದ್ದು ಕನ್ನಡ, ತರ್ಕ ಮಾತ್ರ ಒಂದೇ. ಹೊರಗಿನಿಂದ ಬಂದವನ ಹೊಟ್ಟೆ ತುಂಬಿಸಿದರೆ ಅವನ ಕೆಲಸದ ಋಣ ತೀರಿತು ಎಂಬ ತರ್ಕ.

ಊಟಕ್ಕೆ ಬೆಲೆಯಿಲ್ಲವೆಂದು ನಾನು ಹೇಳುವುದಿಲ್ಲ. ಇದೇ ಜೆ-1 ವೀಸಾದಲ್ಲಿ ಅಮೆರಿಕದ ಮನೆಗಳಿಗೆ ಮಕ್ಕಳನ್ನು ನೋಡಿಕೊಳ್ಳಲು ಹೋಗುವ ಯುವತಿಯರಿದ್ದಾರೆ, ಅವರನ್ನು 'ಓ ಪೇರ್' ಎನ್ನುತ್ತಾರೆ. ವಾರಕ್ಕೆ 45 ಗಂಟೆಗಳವರೆಗಿನ ಅವರ ಕೆಲಸಕ್ಕೆ ಏಜೆನ್ಸಿಗಳು ಹೇಳುತ್ತಿದ್ದ ಹಣ 195.75 ಡಾಲರ್. ಕನಿಷ್ಠ ಕೂಲಿಯಿಂದ ಊಟ, ವಸತಿಯ ಹೆಸರಲ್ಲಿ ನೂರಕ್ಕೆ 40ನ್ನು ಕಳೆದಾಗ ಬರುವ ಮೊತ್ತ ಅದು. ಇಷ್ಟು ಕೊಟ್ಟರೆ ಸಾಕೆಂದು ಏಜೆನ್ಸಿಗಳೆಲ್ಲ ಒಳಗೊಳಗೇ ಮಾತಾಡಿಕೊಂಡಿವೆ ಎಂದು ಆರೋಪಿಸಿ ಆ ಯುವತಿಯರು 2014ರಲ್ಲಿ ಕೊಲೊರಾಡೊದಲ್ಲಿ ದಾವೆ ಹೂಡಿದರು. 2019ರಲ್ಲಿ ಏಜೆನ್ಸಿಗಳು 6.55 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿಯಾದವು. ಪರದೇಶದಲ್ಲಿ, ವೀಸಾದ ಹಗ್ಗ ಇನ್ನೊಬ್ಬರ ಕೈಯಲ್ಲಿದ್ದಾಗ, ಬಾಯಿಬಿಟ್ಟು ಕೇಳುವುದು ಸಣ್ಣ ಮಾತಲ್ಲ. ಕೆಲಸ ಬಿಟ್ಟರೆ ಊರಿಗೆ ಮರಳುವ ದಾರಿ ಹಿಡಿಯಬೇಕಾಗುತ್ತದೆ.

"ಇದು ಉದ್ಯೋಗವಲ್ಲ, ಸಂಸ್ಕೃತಿಯ ವಿನಿಮಯ" ಎನ್ನುವವರಿದ್ದಾರೆ. ನಾವು "ಇದು ಖಿದ್ಮತ್" ಎನ್ನುತ್ತೇವೆ. ಎರಡೂ ಸುಂದರವಾದ ಮಾತುಗಳೇ. ನನ್ನ ವಿದ್ಯಾರ್ಥಿ ಅಲ್ಲಿಂದ ಬಹಳಷ್ಟು ಕಲಿತು ಬಂದ, ಅದನ್ನು ಅವನೇ ಹೇಳುತ್ತಾನೆ. ಆದರೆ ಮಕ್ಕಳ ತಂದೆ-ತಾಯಿ ಶುಲ್ಕ ಕಟ್ಟಿದ್ದಾರೆ. ಅಡುಗೆಯವನಿಗೆ, ಬಸ್ಸಿನವನಿಗೆ ಹಣ ಸಂದಿದೆ. ಕಲಿಸಿದವನ ಸರದಿ ಬಂದಾಗ ಮಾತ್ರ ವಿನಿಮಯ, ಖಿದ್ಮತ್ ನೆನಪಾಗುವುದೇಕೆ?

ಪ್ರವಾದಿ ಮೂಸಾ(ಅ)ರ ವೃತ್ತಾಂತವನ್ನು ಎಷ್ಟೋ ವರ್ಷಗಳಿಂದ ಮಕ್ಕಳಿಗೆ ಹೇಳುತ್ತಾ ಬಂದಿದ್ದೇನೆ. ಊರು ಬಿಟ್ಟು ಮದ್‌ಯನ್‌ಗೆ ಬಂದ ಅವರು ಬಾವಿಯ ಬಳಿ ಇಬ್ಬರು ಹೆಣ್ಣುಮಕ್ಕಳ ಜಾನುವಾರುಗಳಿಗೆ ನೀರು ಕುಡಿಸಿ, ನೆರಳಿಗೆ ಹೋಗಿ ಕೂತರು. ಕೂಲಿ ಕೇಳಲಿಲ್ಲ. ಆದರೂ ಆ ಮಕ್ಕಳ ತಂದೆ ಕೂಲಿ ಕೊಡಲೆಂದು ಅವರನ್ನು ಕರೆಸಿಕೊಂಡರು. ಮುಂದೆ ಕೆಲಸಕ್ಕೆ ಇಟ್ಟುಕೊಂಡಾಗಲೂ ಎಷ್ಟು ವರ್ಷ ಎಂಬುದನ್ನು ಮೊದಲೇ ಬಾಯಿಬಿಟ್ಟು ಹೇಳಿದರು. ಪರವೂರಿನಿಂದ ಬಂದ, ಕೈಯಲ್ಲಿ ಏನೂ ಇಲ್ಲದ ಮನುಷ್ಯನೊಂದಿಗೆ ನಡೆದ ಒಪ್ಪಂದವದು. ಪಾಠ ಹೇಳಿದ ನನಗೇ ಅದು ಅರ್ಥವಾಗಿರಲಿಲ್ಲ.

ಹುಡುಗ ಸೆಪ್ಟೆಂಬರ್‌ನಲ್ಲಿ ಮರಳಿ ಬಂದ ಮೇಲೆ ನಾನು ಮೌಲಾನಾರನ್ನು ಹುಡುಕಿದೆ. ರಮಝಾನ್‌ಗೆ ಮೊದಲೇ ಅವರು ನಮ್ಮೂರು ಬಿಟ್ಟು ಬೆಳಗಾವಿ ಕಡೆಯ ಮಸೀದಿಯೊಂದಕ್ಕೆ ಹೋಗಿದ್ದರು. ಕಮಿಟಿಯಲ್ಲಿ ವಿಷಯ ಎತ್ತಿದಾಗ ಇಬ್ಬರು ಮುನಿಸಿಕೊಂಡರು, ಒಬ್ಬ ಹಿರಿಯರು ಮಾತ್ರ ಮೌನವಾಗಿ ಜೇಬಿನಿಂದ 500 ರೂಪಾಯಿ ತೆಗೆದಿಟ್ಟರು. ಉಳಿದದ್ದನ್ನು ನಾನು ಸೇರಿಸಿ 3,000 ರೂಪಾಯಿ ಕಳುಹಿಸಿದೆ. ಫೋನ್ ಮಾಡಿ, "ಮೌಲಾನಾ ಸಾಹೇಬ್, ಲೆಕ್ಕದಲ್ಲಿ ತಪ್ಪಾಗಿತ್ತು" ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮತ್ತೆ ತಮ್ಮ ಉರ್ದುವಿನಲ್ಲಿ, "ನನಗೆ ಗೊತ್ತಿತ್ತು. ಅವತ್ತೇ ಮಕ್ಕಳು ಹೇಳಿದ್ದರು" ಎಂದರು. ಆಮೇಲೆ ನಮ್ಮೂರಿನ ಮಕ್ಕಳ ಹೆಸರು ಹೇಳಿ ಒಬ್ಬೊಬ್ಬರ ಕ್ಷೇಮ ವಿಚಾರಿಸಿದರು.

ಗೊತ್ತಿದ್ದೂ ಅವರು ಆ ಶಾಲು ಹೊದ್ದು ನಗುತ್ತಾ ನಿಂತಿದ್ದರು. ಆ ನಗುವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಓದುಗರೇ, ನಿಮ್ಮ ಮನೆಯ ಮಗನೋ ಮಗಳೋ ಇಂಥ ಶಿಬಿರಕ್ಕೆ ಹೊರದೇಶಕ್ಕೆ ಹೊರಟರೆ ಸಂತೋಷದಿಂದ ಕಳುಹಿಸಿ. ಆದರೆ ಮೊದಲು ಕಾಗದದಲ್ಲಿ ಬರೆಸಿಕೊಳ್ಳಿ: ಒಟ್ಟು ಹಣವೆಷ್ಟು, ಯಾವಾಗ ಕೈಗೆ ಬರುತ್ತದೆ, ದಿನಕ್ಕೆ ಎಷ್ಟು ಗಂಟೆ, ವಾರದ ರಜೆ ಯಾವುದು, ವಿಮಾನದ ಖರ್ಚು ಯಾರದು, ಏಜೆನ್ಸಿ ಏನೇನು ಹಿಡಿದುಕೊಳ್ಳುತ್ತದೆ, ಕಾಯಿಲೆ ಬಿದ್ದರೆ ವಿಮೆ ಇದೆಯೇ? ಒಟ್ಟು ಹಣವನ್ನು ಒಟ್ಟು ಗಂಟೆಯಿಂದ ಭಾಗಿಸಿ ನೋಡಿ. ರೂಪಾಯಿಗೆ ಬದಲಾಯಿಸಿ ನೋಡುವುದು ಅದರ ನಂತರ.

ನಿಮ್ಮ ಊರಿನಲ್ಲೂ ಬರುವ ಬೇಸಿಗೆಗೆ ಶಿಬಿರ ನಡೆಯುತ್ತದೆಯಲ್ಲವೇ? ಹೊರಗಿನಿಂದ ಬಂದ ಒಬ್ಬ ಉಸ್ತಾದರೋ ಟೀಚರೋ ಅಲ್ಲಿ ಇದ್ದೇ ಇರುತ್ತಾರೆ. ಅವರಿಗೆ ಕೊಡುವ ಮೊತ್ತವನ್ನು ಶಿಬಿರದ ಮೊದಲ ದಿನವೇ ಅವರ ಎದುರಲ್ಲೇ ಹೇಳಿಬಿಡಿ. ನಾವು ಈಗ ಹಾಗೆಯೇ ಮಾಡುತ್ತೇವೆ. ಒಂದೇ ಕೆಲಸಕ್ಕೆ ಒಂದೇ ಮೊತ್ತ. ಊಟ ಬೇರೆ, ಅದು ಅತಿಥಿ ಸತ್ಕಾರ. ಅದನ್ನು ಸಂಬಳದಿಂದ ಕಳೆಯಲು ಹೊರಟರೆ ಅತಿಥಿಯೂ ಉಳಿಯುವುದಿಲ್ಲ, ಸತ್ಕಾರವೂ ಉಳಿಯುವುದಿಲ್ಲ.